ಚಿತ್ರದಲ್ಲಿಲ್ಲದ ಇಳಿಜಾರು

ಗೆರೆಯಪ್ಪ ಎಂದು ಅವನಿಗೆ ಹೆಸರಿಟ್ಟವರು ಅವನ ಭಾವ. ಅಕ್ಕನ ಮದುವೆಯಾದ ಹೊಸತು. ಹೊಸ ಅಳಿಯನಾಗಿ ಮನೆಗೆ ಬಂದಿದ್ದ ಭಾವ, ಈ ಹುಡುಗ ಊಟಕ್ಕೆ ಕೂರುವ ಚೆಂದವನ್ನು ನೋಡಿದರು. ತಟ್ಟೆಯನ್ನು ಮೇಜಿನ ಅಂಚಿಗೆ ಸಮನಾಗಿ ಜೋಡಿಸಿ, ಲೋಟವನ್ನು ತಟ್ಟೆಗೆ ಸಮನಾಗಿ ಸರಿಸಿ, ಒಮ್ಮೆ ಒಂದು ಕಣ್ಣು ಮುಚ್ಚಿ ನೋಡಿ, ಆಮೇಲೆ ಅವನು ತುತ್ತು ಎತ್ತುತ್ತಿದ್ದ. "ಇವನೇನು ಮನುಷ್ಯನೋ ಸ್ಕೇಲೋ? ಗೆರೆಯಪ್ಪ ಅಂತ ಕರೀರಿ ಇವನನ್ನ" ಎಂದರು ಭಾವ. ಹೆಸರು ಅಂಟಿಕೊಂಡುಬಿಟ್ಟಿತು. ಮುಂದೆ ಅವನು ನಗರಸಭೆಯ ಯೋಜನಾ ವಿಭಾಗದಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದಾಗ ಕಚೇರಿಯವರಿಗೂ ಅದಕ್ಕಿಂತ ಒಪ್ಪುವ ಹೆಸರು ಹೊಳೆಯಲಿಲ್ಲ.

ಇಪ್ಪತ್ತೆಂಟು ವರ್ಷ ಅವನು ಕೂತದ್ದು ಒಂದೇ ಜಾಗದಲ್ಲಿ. ಎರಡನೇ ಮಹಡಿ, ಉತ್ತರದ ಕಿಟಕಿ, ಓರೆಯಾಗಿ ನಿಲ್ಲಿಸಿದ ಹಲಗೆ, ಪಕ್ಕದ ಡಬ್ಬಿಯಲ್ಲಿ ಗಟ್ಟಿಯಿಂದ ಮೆತ್ತನೆಯದಕ್ಕೆ ಸಾಲಾಗಿ ಪೆನ್ಸಿಲ್ಲುಗಳು. ಕಂಪ್ಯೂಟರ್ ಬಂದು ಎಷ್ಟೋ ವರ್ಷವಾದ ಮೇಲೂ ಮೊದಲು ಕಾಗದದ ಮೇಲೆ ಎಳೆದು, ಆಮೇಲೆ ಅದನ್ನು ಯಂತ್ರಕ್ಕೆ ತುಂಬುತ್ತಿದ್ದ. ಮದುವೆಯಾಗಲಿಲ್ಲ. ಯಾಕಪ್ಪಾ ಎಂದು ಯಾರಾದರೂ ಕೆದಕಿದರೆ "ಅಳತೆ ಕೂಡಲಿಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದ. ಅವನಿಗಿದ್ದ ಜಂಬ ಒಂದೇ. ಅಚ್ಚಾದ ಆದೇಶದಲ್ಲಿ ಅಂಕಿಯೋ ಅಳತೆಯೋ ತಪ್ಪಿದ್ದರೆ ಕಚೇರಿ ಆಮೇಲೆ ಒಂದು ತಿದ್ದೋಲೆ ಹೊರಡಿಸುತ್ತದೆ. ಎಲ್ಲರ ಹೆಸರಿನ ಮೇಲೂ ನಾಲ್ಕೈದು ತಿದ್ದೋಲೆಗಳಿದ್ದವು. ಗೆರೆಯಪ್ಪನ ಮೇಲೆ ಒಂದೂ ಇರಲಿಲ್ಲ.

ಸಂಜೆ ಐದೂವರೆಗೆ ಕಚೇರಿ ಬಿಟ್ಟರೆ ಅವನು ತನ್ನ ಎರಡು ಕೋಣೆಯ ಬಾಡಿಗೆ ಮನೆಗೆ ಹೋಗುತ್ತಿರಲಿಲ್ಲ. ನೇರ ಅಕ್ಕನ ಮನೆ. ಅಲ್ಲಿ ಚಹಾ, ಅಲ್ಲಿ ಪೇಪರು, ಅಲ್ಲಿ ಊಟ. ಭಾವನ ಮಾತಿಲ್ಲದೆ ಅವನಿಗೆ ಅನ್ನ ಒಳಗೆ ಇಳಿಯುತ್ತಿರಲಿಲ್ಲ ಎಂದರೆ ಅತಿಶಯೋಕ್ತಿಯಲ್ಲ.

ಭಾವ ಬಸ್ ಕಂಡಕ್ಟರ್ ಆಗಿದ್ದವರು. ಇಪ್ಪತ್ತೆರಡು ವರ್ಷ ನಿಂತೇ ದುಡಿದವರು. ಒಂದು ದಿನ ಬಸ್ಸಿಗೆ ನಾಯಿ ಅಡ್ಡ ಬಂತು, ಡ್ರೈವರ್ ಬ್ರೇಕ್ ಒತ್ತಿದ, ಹಿಂಬಾಗಿಲಲ್ಲಿ ನಿಂತಿದ್ದ ಭಾವ ಹೊರಗೆ ಬಿದ್ದರು. ನಾಯಿ ಬದುಕಿತು. ಭಾವನೂ ಬದುಕಿದರು, ಆದರೆ ಸೊಂಟದಿಂದ ಕೆಳಗೆ ಅಲ್ಲ. ಆಸ್ಪತ್ರೆಯಿಂದ ಗಾಲಿಕುರ್ಚಿಯಲ್ಲಿ ಮನೆಗೆ ಬಂದಾಗ ಬಾಗಿಲ ಮುಂದೆ ಮೂರು ಮೆಟ್ಟಿಲು. ಮನೆ ಕಟ್ಟುವಾಗ ಮಳೆನೀರು ನುಗ್ಗದಿರಲಿ ಎಂದು ನೆಲವನ್ನು ಒಂದೂವರೆ ಅಡಿ ಎತ್ತರಿಸಿದ್ದರು. ಅಕ್ಕಪಕ್ಕದವರು ಬಂದು ಕುರ್ಚಿ ಸಮೇತ ಎತ್ತಿ ಒಳಗಿಟ್ಟರು. "ಲಗೇಜ್ ಹತ್ತಿಸಿದ ಹಾಗಾಯ್ತು" ಎಂದು ಭಾವ ನಕ್ಕರಂತೆ. ಮತ್ತೆ ಎರಡು ಸಲ ಹಾಗೇ ಇಳಿಸಿ, ಹಾಗೇ ಹತ್ತಿಸಿದರು. ನಾಲ್ಕನೇ ಸಲ ಭಾವ ಬೇಡ ಎಂದರು. ಆಮೇಲೆ ಐದು ವಾರ ಹೊರಗೆ ಬರಲಿಲ್ಲ.

"ಲೋ, ಮಾತೇ ಆಡ್ತಿಲ್ಲ ಕಣೋ ಅವರು. ಬೈದ್ರೂ ಬೈಸ್ಕೊಂಡು ಸುಮ್ನೆ ಕೂತಿರ್ತಾರೆ. ನಂಗೆ ಭಯ ಆಗುತ್ತೆ" ಎಂದಳು ಅಕ್ಕ ಒಂದು ಸಂಜೆ, ಅಡುಗೆಮನೆಯಲ್ಲಿ, ತಗ್ಗಿದ ದನಿಯಲ್ಲಿ.

ಗೆರೆಯಪ್ಪ ಅವತ್ತೇ ಟೇಪು ಹಿಡಿದು ಮನೆಯ ಮುಂಭಾಗ ಅಳೆದ. ಒಂದೂವರೆ ಅಡಿ ಎತ್ತರಕ್ಕೆ ಹದಿನೆಂಟು ಅಡಿ ಉದ್ದದ ಇಳಿಜಾರು, ಅದಕ್ಕಿಂತ ಕಡಿದಾದರೆ ತೋಳಿನ ಬಲ ಸಾಲದು. ಮುಂದೆ ಬಿಟ್ಟ ಖಾಲಿ ಜಾಗ ಹತ್ತೇ ಅಡಿ. ಹಾಗಾಗಿ ಇಳಿಜಾರನ್ನು ಗೇಟಿನ ಕಡೆಗೆ ನೇರವಾಗಿ ಬಿಡದೆ ಗೋಡೆಯ ಪಕ್ಕದಲ್ಲೇ, ಕಿಟಕಿಯ ಕೆಳಗೆ ಉದ್ದಕ್ಕೆ ಹಾಯಿಸಿದ. ಚಕ್ರ ಜಾರದಂತೆ ಎರಡೂ ಅಂಚಿಗೆ ಎರಡಂಗುಲದ ದಿಂಡು, ನೆಲಕ್ಕೆ ಗೀರು, ಹಿಡಿಯಲು ಪೈಪು. ಯಾರೂ ಕೇಳದೆ, ಯಾವ ಕಡತವೂ ಇಲ್ಲದೆ, ಜೀವನದಲ್ಲಿ ಅವನು ಬರೆದ ಒಂದೇ ನಕ್ಷೆ ಅದು. ಸಿಮೆಂಟು ಒಣಗಿದ ಬೆಳಿಗ್ಗೆ ಭಾವ ಒಬ್ಬರೇ ಇಳಿದರು. ಕೆಳಗೆ ತಲುಪಿ, ಗೇಟಿನ ಕಬ್ಬಿಣಕ್ಕೆ ಉಂಗುರದ ಬೆರಳಿನಿಂದ ಎರಡು ಸಲ ಬಡಿದು, ಬೀದಿಗೆಲ್ಲ ಕೇಳುವಂತೆ "ರೈಟ್!" ಎಂದು ಕೂಗಿದರು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಅಲ್ಲಿಂದ ಹನ್ನೊಂದು ವರ್ಷ ಭಾವ ಬೀದಿಯ ಆಸ್ತಿಯಾಗಿದ್ದರು. ಬೆಳಿಗ್ಗೆ ಏಳಕ್ಕೆ ಇಳಿದರೆ ನಲವತ್ತೆರಡು ಮನೆಯ ಬಡಾವಣೆಯನ್ನು ಒಂದು ಸುತ್ತು ಹಾಕಿ, ಪೇಪರ್ ಅಂಗಡಿಯ ಮುಂದೆ ಒಂದು ಗಂಟೆ ಕುರ್ಚಿ ನಿಲ್ಲಿಸಿ, ಯಾರ ಮನೆಗೆ ಯಾವ ನೆಂಟರು ಬಂದರು, ಯಾರ ಗೋಡೆ ಬಿರುಕು ಬಿಟ್ಟಿತು, ಯಾವ ಬೆಕ್ಕು ಮರಿ ಹಾಕಿತು ಎಂದು ಎಲ್ಲವನ್ನೂ ಹೊತ್ತು ತರುತ್ತಿದ್ದರು. ಸಂಜೆ ಗೆರೆಯಪ್ಪ ಬಂದಾಗ ಅದೆಲ್ಲ ಒಂದೊಂದಾಗಿ ಬಿಚ್ಚಿಕೊಳ್ಳುತ್ತಿತ್ತು.

ಇಂಥ ಹೊತ್ತಿನಲ್ಲಿ ನಗರಸಭೆಗೆ ಮನೆಗಳ ಅಂದಚೆಂದದ ಚಿಂತೆ ಹತ್ತಿತು.

ಚಿಂತೆ ತಪ್ಪೇನಲ್ಲ. ಹೊಸ ಬಡಾವಣೆಗಳಲ್ಲಿ ಯಾರಿಗೆ ತೋಚಿದ್ದು ಅವರು ಕಟ್ಟಿದ್ದರು. ಮನೆ ಮುಂದೆ ತಗಡಿನ ಮಾಡು, ಕಬ್ಬಿಣದ ಪಂಜರ, ಬಾಡಿಗೆಗೆಂದು ಎಬ್ಬಿಸಿದ ಗೂಡಂಗಡಿ, ನಾಯಿಗೊಂದು ಬಂಗಲೆ. ಬೆಂಕಿ ಬಿದ್ದಾಗ ಅಗ್ನಿಶಾಮಕದ ಗಾಡಿ ಒಂದು ಬೀದಿಗೆ ನುಗ್ಗಲಾಗದೆ ವಾಪಸು ಹೋಗಿತ್ತು. ಹಾಗಾಗಿ ವಸತಿ ಬಡಾವಣೆಗಳ ಮನೆಗಳು ಹೇಗಿರಬೇಕೆಂಬ ಹಳೆಯ ನಿಯಮಗಳನ್ನು ಪರಿಷ್ಕರಿಸಲು ಒಂದು ಸಮಿತಿ ಕೂತಿತು. ಯೋಜನಾಧಿಕಾರಿ ಸಾಹೇಬರು ಅದರ ಕಾರ್ಯಭಾರ ಹೊತ್ತರು. ಸಾಹೇಬರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕಥೆಯಲ್ಲಿ ಒಬ್ಬ ಕೆಟ್ಟವನಾದರೂ ಸಿಕ್ಕಿದ್ದರೆ ಬೈದು ಹಗುರಾಗಬಹುದಿತ್ತು.

"ಒಂದು ಸಾಧಾರಣ ಮನೆ ಬರೀರಿ" ಎಂದರು ಸಾಹೇಬರು ಗೆರೆಯಪ್ಪನ ಹಲಗೆಯ ಬಳಿ ಬಂದು. "ಮೂವತ್ತು ನಲವತ್ತರ ಸೈಟು. ಜನ ನೋಡಿದ್ರೆ ಗೊತ್ತಾಗ್ಬೇಕು, ಮನೆ ಮುಂದೆ ಹೀಗಿರ್ಬೇಕು ಅಂತ. ನಿಯಮ ಯಾರು ಓದ್ತಾರೆ, ಚಿತ್ರ ಆದ್ರೆ ಎಲ್ಲರೂ ನೋಡ್ತಾರೆ."

ಸಾಧಾರಣ ಮನೆ ಎಂದಾಗ ಗೆರೆಯಪ್ಪನ ಕೈ ತಾನಾಗಿಯೇ ಅಕ್ಕನ ಮನೆ ಬರೆಯಿತು. ಅದರ ಪ್ರತಿ ಅಂಗುಲವೂ ಅವನಿಗೆ ಬಾಯಿಪಾಠ. ಬಾಗಿಲು ಮೂರೂವರೆ ಅಡಿ, ಕಿಟಕಿ ಐದಡಿ, ಸಜ್ಜಾ ಎರಡಡಿ, ಮೂರು ಮೆಟ್ಟಿಲು. ಇಳಿಜಾರನ್ನು ಬರೆಯಲಿಲ್ಲ. ಇದು ಮರೆವಲ್ಲ, ಕಸುಬಿನ ರೂಢಿ. ಮನೆಯ ಮುಂಭಾಗದ ನೋಟ ಬರೆಯುವವರು ಗೋಡೆಗೆ ಅಡ್ಡ ಬರುವುದನ್ನೆಲ್ಲ ಬಿಟ್ಟೇ ಬರೆಯುತ್ತಾರೆ. ಗೇಟು, ಗಿಡ, ನಿಲ್ಲಿಸಿದ ಸ್ಕೂಟರು, ಒಣಹಾಕಿದ ಬಟ್ಟೆ ಇವೆಲ್ಲ ಬಂದರೆ ಗೋಡೆಯ ಬುಡವೇ ಕಾಣದು. ಇಳಿಜಾರೂ ಅದರ ಪೈಪೂ ಕಿಟಕಿಯ ಕೆಳಗೆ ಉದ್ದಕ್ಕೂ ಅಡ್ಡ ಬರುತ್ತಿದ್ದವು. ಅವನು ಯೋಚಿಸಲೂ ಇಲ್ಲ. ಸ್ಕೂಟರನ್ನು ಬಿಟ್ಟ ಹಾಗೆ ಅದನ್ನೂ ಬಿಟ್ಟ. ಅವತ್ತು ಸಂಜೆ ಎಂದಿನಂತೆ ಅದೇ ಇಳಿಜಾರನ್ನು ಹತ್ತಿ ಅಕ್ಕನ ಮನೆಗೆ ಚಹಾಕ್ಕೆ ಹೋದ.

ಸಮಿತಿ ಹನ್ನೊಂದು ಸಲ ಕೂತಿತು. ಮನೆ ಮುಂದೆ ಏನೇನು ಇರಬಾರದು ಎಂಬ ಪಟ್ಟಿ ನಲವತ್ತು ಬಾಬಿಗೆ ಬೆಳೆಯಿತು, ಪ್ರತಿ ಬಾಬಿಗೂ ಜಗಳ. ನಾಯಿಮನೆ ಎಂದರೆ ಎಷ್ಟು ಎತ್ತರ? ಹೂಕುಂಡ ಎಷ್ಟಾದರೆ ತೋಟ? ಹನ್ನೊಂದನೇ ಸಲ ಹಸಿವಾಗಿ ತಲೆ ಕೆಟ್ಟ ಒಬ್ಬ ಸದಸ್ಯರು, "ಅಯ್ಯೋ, ಈ ಪಟ್ಟಿ ಯಾಕ್ರೀ ಬೇಕು? ಚಿತ್ರದಲ್ಲಿ ಇರೋದು ಇರ್ಲಿ, ಇಲ್ಲದ್ದು ಬೇಡ. ಮುಗೀತಲ್ಲ" ಎಂದರು. ಎಲ್ಲರಿಗೂ ಹೊಟ್ಟೆ ತಣ್ಣಗಾಯಿತು. ಗೆರೆಯಪ್ಪ ಬರೆದ ಮನೆಗೆ ಕರಡಿನಲ್ಲಿ ಚಿತ್ರ ನಾಲ್ಕು ಎಂದು ಸಂಖ್ಯೆ ಬಿದ್ದಿತ್ತು. ನಲವತ್ತು ಬಾಬಿನ ಬದಲು ಒಂದೇ ವಾಕ್ಯ ಹುಟ್ಟಿತು: "ಮನೆಯ ಮುಂಭಾಗದ ಖಾಲಿ ಜಾಗದಲ್ಲಿ, ಚಿತ್ರ ನಾಲ್ಕರಲ್ಲಿ ತೋರಿಸಿರುವುದನ್ನು ಹೊರತುಪಡಿಸಿ ಬೇರಾವುದೇ ನಿರ್ಮಾಣವು ಇರತಕ್ಕದ್ದಲ್ಲ."

ಕರಡನ್ನು ಮೂವತ್ತು ದಿನ ಸಾರ್ವಜನಿಕರ ಆಕ್ಷೇಪಣೆಗೆಂದು ನೋಟಿಸ್ ಬೋರ್ಡಿಗೆ ಹಾಕಿದರು. ಹಾಕಿದವನು ಗೆರೆಯಪ್ಪನೇ. ನಾಲ್ಕು ಪಿನ್ನು ಚುಚ್ಚಿ, ಎರಡು ಹೆಜ್ಜೆ ಹಿಂದೆ ಸರಿದು, ಕಾಗದ ವಾಲಿಲ್ಲ ತಾನೆ ಎಂದು ನೋಡಿದ. ಚಿತ್ರದ ಗೆರೆ ಅಚ್ಚಿನಲ್ಲಿ ಒಡೆದಿಲ್ಲ ತಾನೆ ಎಂದು ಕನ್ನಡಕ ಏರಿಸಿ ನೋಡಿದ. ಪಕ್ಕದ ವಾಕ್ಯ ಓದಲಿಲ್ಲ. ಅಕ್ಷರ ಬೇರೆಯವರ ಕೆಲಸ, ಗೆರೆ ತನ್ನ ಕೆಲಸ ಎಂದು ಅವನು ಮೊದಲಿಂದಲೂ ನಂಬಿದ್ದ. ಮೂವತ್ತು ದಿನದಲ್ಲಿ ಒಂದು ಆಕ್ಷೇಪಣೆಯೂ ಬರಲಿಲ್ಲ. ನಿಯಮ ಜಾರಿಗೆ ಬಂತು.

ಅಕ್ಕನ ಬಡಾವಣೆಗೆ ಅದು ಮುಟ್ಟಿದ್ದು ನೀರಿನ ಮೂಲಕ. ಗೃಹಸಂಘ ಕಟ್ಟಿದ ಬಡಾವಣೆ ಅದು. ರಸ್ತೆ, ಚರಂಡಿಗಳನ್ನು ನಗರಸಭೆ ವಹಿಸಿಕೊಂಡರೆ ಮಾತ್ರ ನಲ್ಲಿಯಲ್ಲಿ ನೀರು. ಅಲ್ಲಿಯವರೆಗೆ ಟ್ಯಾಂಕರ್ ಬಂದಾಗ ಬಿಂದಿಗೆ ಹಿಡಿದು ಓಡಬೇಕು. ಎಲ್ಲ ಮನೆಗಳ ಮುಂಭಾಗವೂ ಹೊಸ ನಿಯಮಕ್ಕೆ ಹೊಂದಿದ ಮೇಲಷ್ಟೇ ವಹಿಸಿಕೊಳ್ಳುತ್ತೇವೆ ಎಂದಿತು ನಗರಸಭೆ. ಒಂದೇ ತಿಂಗಳಲ್ಲಿ ತಗಡು ಇಳಿಯಿತು, ಪಂಜರ ಕಳಚಿತು, ನಾಯಿಗಳು ಬಂಗಲೆ ಬಿಟ್ಟು ಬಾಗಿಲ ಸಂದಿಗೆ ಬಂದವು. ಕೊನೆಗೆ ತಪಾಸಣೆಯ ಇನ್ಸ್‌ಪೆಕ್ಟರ್, ಪ್ಲಾಸ್ಟಿಕ್ ಕವರಿನಲ್ಲಿ ಚಿತ್ರ ನಾಲ್ಕನ್ನು ಹಿಡಿದು ಮನೆಮನೆಗೆ ಬಂದ.

ಅಕ್ಕನ ಮನೆ ಮುಂದೆ ನಿಂತು ಚಿತ್ರ ನೋಡಿದ, ಮನೆ ನೋಡಿದ, ಮತ್ತೆ ಚಿತ್ರ ನೋಡಿದ. ಹಿಗ್ಗಿಹೋದ. "ಅಮ್ಮಾ, ನಲವತ್ತೆರಡು ಮನೇಲಿ ಚಿತ್ರಕ್ಕೆ ಇಷ್ಟು ಸರಿಯಾಗಿ ಹೊಂದೋ ಮನೆ ನಿಮ್ಮದೊಂದೇ. ಬಾಗ್ಲು, ಕಿಟಕಿ, ಮೆಟ್ಲು ಎಲ್ಲಾ ಅಚ್ಚು ಹೊಯ್ದಂಗಿದೆ. ಈ ರ‍್ಯಾಂಪು ಒಂದು ಮಾತ್ರ ಚಿತ್ರದಲ್ಲಿಲ್ಲ. ಇದೊಂದು ತೆಗೆಸಿಬಿಡಿ."

ಅಕ್ಕ ಕವರನ್ನು ಕೈಗೆ ತೆಗೆದುಕೊಂಡು ನೋಡಿದಳು. ಕಿಟಕಿಯ ಸಜ್ಜಾ ಬಲಗಡೆ ಒಂದಂಗುಲ ಹೆಚ್ಚಿಗೆ ಚಾಚಿತ್ತು. ಗಾರೆಯವನು ಮಾಡಿದ ಆ ಎಡವಟ್ಟಿಗೆ ಅವಳು ಗೃಹಪ್ರವೇಶದ ದಿನವೇ ಬೈದಿದ್ದಳು. ಚಿತ್ರದಲ್ಲೂ ಅದು ಹಾಗೇ ಇತ್ತು.

ಸಂಜೆ ಗೆರೆಯಪ್ಪ ಬಂದಾಗ ಚಹಾ ಬರಲಿಲ್ಲ. ಅಕ್ಕ ಚಿತ್ರವನ್ನು ಮುಂದಿಟ್ಟಳು.

"ಇದು ನಮ್ಮನೆ ಅಲ್ವೇನೋ?"

"ಹೂಂ."

"ಬರೆದೋನು ನೀನಲ್ವಾ?"

"ಹೂಂ ಅಕ್ಕ."

"ನಿಮ್ಮ ಭಾವ ಎಲ್ಲೋ ಇದರಲ್ಲಿ?"

ಕಿಟಕಿಯ ಬಳಿ ಕೂತಿದ್ದ ಭಾವ, "ಬಿಡೇ, ಅವನೇನು ಬೇಕು ಅಂತ ಮಾಡಿದ್ನಾ? ಬಸ್ಸಿಗೆ ಸೀಟ್ ಹಾಕುವಾಗ ಕಂಡಕ್ಟರನ್ನ ಯಾರು ಲೆಕ್ಕ ಹಿಡೀತಾರೆ?" ಎಂದರು. ಅವರು ತಮಾಷೆಗೇ ಹೇಳಿದ್ದು. ಗೆರೆಯಪ್ಪನಿಗೆ ಕೆನ್ನೆಗೆ ಹೊಡೆದಂತಾಯಿತು.

ಮರುದಿನ ಅವನು ಸಾಹೇಬರ ಮುಂದೆ ನಿಂತ. ಇಪ್ಪತ್ತೆಂಟು ವರ್ಷದಲ್ಲಿ ತನಗಾಗಿ ಏನನ್ನೂ ಕೇಳಿದವನಲ್ಲ. ಕೇಳುವುದು ಹೇಗೆಂದು ಅವನಿಗೆ ಗೊತ್ತೂ ಇರಲಿಲ್ಲ. ನೇರವಾಗಿ, "ಸಾರ್, ಚಿತ್ರ ನಾಲ್ಕು ತಪ್ಪಾಗಿದೆ" ಎಂದುಬಿಟ್ಟ.

ಸಾಹೇಬರು ಬೆಚ್ಚಿದರು. ಎಲ್ಲ ಕೇಳಿದರು. ಕೇಳುತ್ತ ಕೇಳುತ್ತ ಅವರ ಮುಖವೂ ಬಾಡಿತು. "ಒಂದು ದಾರಿ ಇದೆ" ಎಂದರು ಕೊನೆಗೆ. "ಚಿತ್ರದಲ್ಲಿ ಅಳತೇದು ತಪ್ಪಿದ್ರೆ ತಿದ್ದೋಲೆ ಹೊರಡಿಸೋ ಅಧಿಕಾರ ನನಗಿದೆ. ಚಿತ್ರ ತಿದ್ದೋವರೆಗೆ ಎಲ್ಲಾ ತಪಾಸಣೆ ನಿಲ್ಲುತ್ತೆ. ಆ ನೆಪದಲ್ಲಿ ರ‍್ಯಾಂಪ್ ಕೂಡ ಸೇರಿಸ್ಬಹುದು. ಏನಾದ್ರೂ ತಪ್ಪಿದೆಯಾ ಹೇಳಿ."

"ರ‍್ಯಾಂಪು ಬಿಟ್ಟಿದ್ದೇ ತಪ್ಪಲ್ವಾ ಸಾರ್?"

"ಅದು ತಪ್ಪಲ್ಲಪ್ಪಾ. ಮುಂಭಾಗದ ಎಲಿವೇಶನ್ ಯಾರೇ ಬರೆದ್ರೂ ಹಾಗೇ ಬರೀತಾರೆ, ನಾನೂ ಹಾಗೇ ಕಲ್ತಿದ್ದು. ಅಂಕಿ ತಪ್ಪಿರ್ಬೇಕು. ಒಂದು ಅಂಕಿ ಸಾಕು. ಮನೆಗೆ ತಗೊಂಡೋಗಿ ನೋಡಿ."

ಭಾನುವಾರ ಬೆಳಿಗ್ಗೆ ಗೆರೆಯಪ್ಪ ಬಾಗಿಲು ಹಾಕಿಕೊಂಡು ಕೂತ. ಮೂಲ ಟ್ರೇಸಿಂಗ್ ಹಾಳೆ, ಅಚ್ಚಾದ ಪ್ರತಿ, ಉಕ್ಕಿನ ಸ್ಕೇಲು, ಭೂತಗನ್ನಡಿ. ಎಷ್ಟೋ ಜನರ ನಕ್ಷೆಯಲ್ಲಿ ತಪ್ಪು ಹುಡುಕಿ ಅವರ ಬೈಗುಳ ತಿಂದವನು, ಅವತ್ತು ತನ್ನದೇ ಕೈಯ ತಪ್ಪಿಗೆ ಬೇಡಿಕೊಂಡ. ಬಾಗಿಲಿನಿಂದ ಶುರು ಮಾಡಿದ. ಮೂರೂವರೆ ಅಡಿ, ಸರಿ. ಕಿಟಕಿ, ಸರಿ. ಮೆಟ್ಟಿಲು ಆರಂಗುಲದ ಮೂರು, ಹದಿನೆಂಟಂಗುಲ, ಸರಿ. ಬಿಡಿ ಅಳತೆಗಳನ್ನು ಕೂಡಿಸಿ ಒಟ್ಟಳತೆಗೆ ತಾಳೆ ನೋಡಿದ, ಕೂಡಿತು. ಸಜ್ಜಾದ ಬಲ ತುದಿಯ ಹತ್ತಿರ ಬಂದಾಗ ಭೂತಗನ್ನಡಿ ಎತ್ತಿಕೊಂಡ. ಆ ಒಂದಂಗುಲ! ಆದರೆ ಅದಕ್ಕೂ ಪಕ್ಕದಲ್ಲಿ ಪುಟ್ಟದಾಗಿ ಅಂಕಿ ಹಾಕಿದ್ದ, ಎರಡಡಿ ಒಂದಂಗುಲ ಎಂದು. ಅಷ್ಟು ಪ್ರಾಮಾಣಿಕವಾಗಿ ಯಾಕೆ ಸಾಯಬೇಕಿತ್ತು ಇವನು? ಮಧ್ಯಾಹ್ನ ಊಟ ಮಾಡಲಿಲ್ಲ. ಅಳೆದ, ಕೂಡಿಸಿದ, ಮತ್ತೆ ಅಳೆದ. ಬೆಳಕು ಇಳಿಯುವ ಹೊತ್ತಿಗೆ ಸ್ಕೇಲು ಕೆಳಗಿಟ್ಟು ಎರಡು ಕೈಯಿಂದ ತಲೆ ಹಿಡಿದುಕೊಂಡ. ಒಂದು ತಪ್ಪೂ ಇರಲಿಲ್ಲ.

ಸುಳ್ಳು ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅವನೂ ಕೇಳಿಕೊಂಡ. ಆದರೆ ಚಿತ್ರ ಅಚ್ಚಾಗಿ ಎಲ್ಲ ಬಡಾವಣೆಗೂ ಹೋಗಿತ್ತು. ಯಾರೇ ಸ್ಕೇಲು ಹಿಡಿದರೂ ಅದು ಸರಿ ಎಂದೇ ಸಾಕ್ಷಿ ಹೇಳುತ್ತಿತ್ತು. ಇಪ್ಪತ್ತೆಂಟು ವರ್ಷದ ಜಂಬ ಇಂಥ ಹೊತ್ತಿಗೆ ಬಂದು ಕುತ್ತಿಗೆಗೆ ಕೂತಿತು.

ಆಮೇಲೆ ಉಳಿದದ್ದು ಗಾಳಿಯೊಡನೆ ಗುದ್ದಾಟ. ಮೇಲಿನ ಸಮಿತಿಗೆ ವಿನಾಯಿತಿ ಕೇಳಿ ಅರ್ಜಿ ಕೊಟ್ಟರು, ಅದು ಕೂರುವುದು ಆರು ತಿಂಗಳಿಗೊಮ್ಮೆ. ಮನೆಗಳೆಲ್ಲ ನಿಯಮಕ್ಕೆ ಹೊಂದಬೇಕಾದ ಗಡುವು ತಿಂಗಳ ಕೊನೆಗೆ. ಮನೆಯ ಪಕ್ಕದ ಜಾಗದಲ್ಲಿ ಇಳಿಜಾರು ಮಾಡೋಣವೆಂದರೆ ಎರಡೂವರೆ ಅಡಿಯಲ್ಲಿ ಕುರ್ಚಿ ತಿರುಗದು. ಹಿಂಬಾಗಿಲಿನ ಕಡೆ ನೆಲ ಇನ್ನೂ ತಗ್ಗು. ಬೇಕಾದಾಗ ಹಾಕಿ ತೆಗೆಯುವ ಹಲಗೆ ಮಾಡಿಸಿದ. ಹದಿನೆಂಟಡಿಯ ಹಲಗೆಯನ್ನು ಅಕ್ಕ ಎತ್ತಲಾರಳು, ಆರಡಿಯದಾದರೆ ಕಡಿದು. ಒಂದು ಸಂಜೆ ಆರಡಿಯದರಲ್ಲಿ ಪ್ರಯತ್ನ ಮಾಡಿದರು. ಅರ್ಧಕ್ಕೆ ಕುರ್ಚಿ ಹಿಂದಕ್ಕೆ ವಾಲಿ, ಹಿಡಿಯಲು ಹೋದ ಅಕ್ಕನ ಮಣಿಕಟ್ಟು ಉಳುಕಿತು. ಭಾವ ಹಲಗೆಯನ್ನು ನೋಡಿ, "ಇದನ್ನ ಒಲೆಗಾದ್ರೂ ಹಾಕು" ಎಂದರು.

ಗಡುವಿಗೆ ನಾಲ್ಕು ದಿನ ಇರುವಾಗ ಗೃಹಸಂಘದ ಕಾರ್ಯದರ್ಶಿ ಬಂದ. ಎದುರು ಮನೆಯವನೇ. ಭಾವನನ್ನು ಮೊದಲ ಸಲ ಎತ್ತಿ ಒಳಗಿಟ್ಟವರಲ್ಲಿ ಒಬ್ಬ. ಕೂರಲಿಲ್ಲ, ಬಾಗಿಲ ಹತ್ತಿರವೇ ನಿಂತ.

"ಅಣ್ಣಾ, ನಂಗೆ ಬಾಯಿ ಬರ್ತಿಲ್ಲ. ನಲವತ್ತೊಂದು ಮನೆ ಮುಗೀತು. ನಮ್ಮಮ್ಮನಿಗೆ ಎಂಬತ್ತು ದಾಟಿದೆ, ಟ್ಯಾಂಕರ್ ಹತ್ರ ನಿಲ್ಲೋಕೆ ಹೋಗಿ ನಿನ್ನೆ ಬಿದ್ರು. ಈ ಸಲ ನಗರಸಭೆ ವಹಿಸ್ಕೊಳ್ಳೋ ಪಟ್ಟಿಗೆ ಸೇರ್ಲಿಲ್ಲ ಅಂದ್ರೆ ಇನ್ನೊಂದು ವರ್ಷ ನೀರಿಲ್ಲ ಅಂತಾರೆ. ನಾನು ಒಡೀರಿ ಅಂತ ಹೇಳ್ತಿಲ್ಲ. ಏನು ಮಾಡ್ಲಿ ಅಂತ ನೀವೇ ಹೇಳಿ."

ಅಕ್ಕನ ಬಾಯಿಗೆ ಕಟುವಾದದ್ದೇನೋ ಬಂದಿತ್ತು. ಗೆರೆಯಪ್ಪ ನೆಲ ನೋಡುತ್ತಿದ್ದ. ಅತ್ತ ದರಿ ಇತ್ತ ಪುಲಿ ಎನ್ನುತ್ತಾರಲ್ಲ, ಇಲ್ಲಿ ಪುಲಿಯೂ ಕೈ ಮುಗಿದುಕೊಂಡು ನಿಂತಿತ್ತು.

"ಅಮ್ಮನಿಗೆ ಪೆಟ್ಟು ಜೋರಾಗಿ ಆಯ್ತಾ?" ಎಂದು ಕೇಳಿದರು ಭಾವ.

"ಮಂಡಿ ತರಚಿದೆ ಅಷ್ಟೇ."

"ಸರಿ. ಗುರುವಾರ ಒಡಿಸಿಬಿಡಿ. ಒಬ್ಬ ಇಳೀಬೇಕು ಅಂತ ಪೂರ್ತಿ ಬಸ್ಸನ್ನ ಎಷ್ಟು ಹೊತ್ತು ನಿಲ್ಲಿಸ್ಲಿ?"

ಕಾರ್ಯದರ್ಶಿ ಅಳುತ್ತಲೇ ಹೋದ. ಅಕ್ಕ ಅವತ್ತು ಗಂಡನ ಜೊತೆ ಮಾತಾಡಲಿಲ್ಲ, ತಮ್ಮನ ಜೊತೆಯಂತೂ ಇಲ್ಲವೇ ಇಲ್ಲ.

ಗುರುವಾರ ಬೆಳಿಗ್ಗೆ ಭಾವ ಕೊನೆಯ ಸಲ ಇಳಿದರು. ಬೇಗ ಇಳಿಯಲಿಲ್ಲ. ಪೈಪನ್ನು ಹಿಡಿದು, ತಡೆದು ತಡೆದು, ಹದಿನೆಂಟು ಅಡಿಯನ್ನು ಬಹಳ ಹೊತ್ತು ಇಳಿದರು. ಬಡಾವಣೆಯನ್ನು ಒಂದು ಸುತ್ತು ಹಾಕಿದರು. ಪೇಪರ್ ಅಂಗಡಿಯವನಿಗೆ, "ನಾಳೆಯಿಂದ ಮನೆಗೇ ಹಾಕಿಬಿಡಪ್ಪ" ಎಂದರಂತೆ. ವಾಪಸು ಬಂದಾಗ ಗಾರೆಯವರಿಬ್ಬರು ಸುತ್ತಿಗೆ, ಹಾರೆ ಹಿಡಿದು ಅರ್ಧ ಮುಗಿಸಿದ್ದರು. ಭಾವ ಗೇಟಿನ ಹೊರಗೆ ನೆರಳಿನಲ್ಲಿ ಕುರ್ಚಿ ನಿಲ್ಲಿಸಿ ಉಳಿದರ್ಧ ನೋಡಿದರು. ರಜೆ ಹಾಕಿ ಬಂದಿದ್ದ ಗೆರೆಯಪ್ಪ ಪಕ್ಕದಲ್ಲಿ ನಿಂತಿದ್ದ. ಎರಡಂಗುಲದ ದಿಂಡು ಸುಲಭಕ್ಕೆ ಒಡೆಯಲಿಲ್ಲ. "ಗಟ್ಟಿಯಾಗಿ ಮಾಡ್ಸಿದೀರಾ ಸಾರ್" ಎಂದು ಗಾರೆಯವನು ಮೆಚ್ಚಿಕೆಯಿಂದ ಹೇಳಿದ.

ಮಧ್ಯಾಹ್ನ ನಾಲ್ಕು ಜನ ಸೇರಿ ಭಾವನನ್ನು ಕುರ್ಚಿ ಸಮೇತ ಮೂರು ಮೆಟ್ಟಿಲು ಹತ್ತಿಸಿದರು. ಗೆರೆಯಪ್ಪ ಎಡಗಡೆಯ ಚಕ್ರ ಹಿಡಿದಿದ್ದ. ಯಾವುದಾದರೂ ಮಾತು ಬರುತ್ತದೆಂದು ಅವನು ಕಾದ. ಭಾವ ಕಣ್ಣು ಮುಚ್ಚಿಕೊಂಡಿದ್ದರು.

ಶುಕ್ರವಾರ ಬೇರೊಬ್ಬ ಇನ್ಸ್‌ಪೆಕ್ಟರ್ ಫೋಟೋ ತೆಗೆಯಲು ಬಂದ. ಫೋಟೋದ ಜೊತೆ ಹೋಗುವ ನಮೂನೆಯಲ್ಲಿ "ಚಿತ್ರ ನಾಲ್ಕಕ್ಕೆ ಅನುಗುಣವಾಗಿದೆ" ಎಂದು ಯೋಜನಾ ವಿಭಾಗದ ನಕ್ಷೆಗಾರರು ರುಜು ಹಾಕಬೇಕು, ಹಾಗಾಗಿ ಗೆರೆಯಪ್ಪನೂ ಬರಬೇಕಾಯಿತು. ಒಡೆದ ಜಾಗಕ್ಕೆ ಮಣ್ಣು ತುಂಬಿ ಸಮ ಮಾಡಿದ್ದರು. ಗೋಡೆಯ ಬುಡದಲ್ಲಿ ಹದಿನೆಂಟಡಿ ಉದ್ದಕ್ಕೆ ಬಣ್ಣ ಕಾಣದ ಪಟ್ಟೆಯೊಂದು ಓರೆಯಾಗಿ ಉಳಿದಿತ್ತು. ಇನ್ಸ್‌ಪೆಕ್ಟರ್ ರಸ್ತೆಯ ಆಚೆ ಬದಿಗೆ ಹೋಗಿ ಫೋನ್ ಎತ್ತಿ ಹಿಡಿದ, ಇಳಿಸಿದ.

"ಸಾರ್, ಕಿಟಕೀಲಿ ಯಾರೋ ಕೂತಿದ್ದಾರೆ. ಸ್ವಲ್ಪ ಒಳಗೆ ಹೋಗೋಕೆ ಹೇಳ್ತೀರಾ? ಮುಂಭಾಗ ಚೊಕ್ಕವಾಗಿ ಬರ್ಲಿ."

ಅವನು ಹೊಸಬ, ಅವನಿಗೆ ಯಾರೆಂದು ಗೊತ್ತಿರಲಿಲ್ಲ. ಅವರು ಅಲ್ಲೇ ಇರ್ತಾರೆ, ಹಾಗೇ ತೆಗಿ ಎನ್ನುವ ಮಾತು ಗೆರೆಯಪ್ಪನ ಗಂಟಲವರೆಗೆ ಬಂತು. ಫೋಟೋ ಸರಿಯಿಲ್ಲವೆಂದು ಕಡತ ವಾಪಸು ಬಂದರೆ ನಲವತ್ತೆರಡು ಮನೆಗೂ ಮತ್ತೆ ಮೊದಲಿಂದ. ಎದುರು ಮನೆಯ ಕಿಟಕಿಯಲ್ಲಿ ಕಾರ್ಯದರ್ಶಿಯ ತಾಯಿ ನೋಡುತ್ತಿದ್ದರು. ಅವನು ಮಾತನ್ನು ನುಂಗಿ ಮೂರು ಮೆಟ್ಟಿಲು ಹತ್ತಿ ಒಳಗೆ ಹೋದ.

"ಕೇಳಿಸ್ತು" ಎಂದರು ಭಾವ. ಕುರ್ಚಿಯ ಬ್ರೇಕನ್ನು ಅವರೇ ಬಿಡಿಸಿದ್ದರು. "ಎಳಿ."

ಗೆರೆಯಪ್ಪ ಹಿಂದಿನಿಂದ ಹಿಡಿ ಹಿಡಿದು ಎಳೆದ. ಕಿಟಕಿ ದೂರವಾಯಿತು. "ಇನ್ನೂ ಸ್ವಲ್ಪ ಸಾರ್, ಬಾಗಿಲಿಂದ ಚಕ್ರ ಕಾಣ್ತಿದೆ" ಎಂದಿತು ಹೊರಗಿನ ದನಿ. ಇನ್ನೂ ಎಳೆದ. ಮಂಚ ದಾಟಿತು, ಅಡುಗೆಮನೆಯ ಬಾಗಿಲು ಬಂತು. ಅಲ್ಲಿ ಅಕ್ಕ ಉಳುಕಿದ ಕೈಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದಳು, ಸರಿದು ಜಾಗ ಬಿಟ್ಟಳು. ಕುರ್ಚಿಯ ಬೆನ್ನು ಹಿಂಗೋಡೆಗೆ ತಾಗಿತು.

"ಸಾಕಾ?" ಎಂದು ಭಾವ ಕೂಗಿ ಕೇಳಿದರು.

"ಸಾಕು ಸಾರ್! ಈಗ ಚಿತ್ರದಂಗೇ ಇದೆ."

ಗೆರೆಯಪ್ಪ ಕುರ್ಚಿಯ ಹಿಡಿ ಬಿಡಲಿಲ್ಲ. ಅವನ ಕಣ್ಣಿನ ನೀರು ಭಾವನ ನೆತ್ತಿಯ ಮೇಲೆ ಬೀಳುತ್ತಿತ್ತು. ಭಾವ ಅದನ್ನು ಒರೆಸಿಕೊಳ್ಳಲಿಲ್ಲ. ಹೊರಗಿನಿಂದ ರುಜುವಿಗೆ ಒಂದು ಸಲ ಕರೆದರು, ಎರಡು ಸಲ ಕರೆದರು.

"ಹೋಗಪ್ಪ, ಕಾಯ್ತಿದ್ದಾರೆ" ಎಂದರು ಭಾವ.

ಅವನು ಹೋಗಿ ರುಜು ಹಾಕಿದ.